ಚೂಡಾಮಣಿ ಮೇಡಂ ಮತ್ತು ಐದನೇ ಕೋಣೆ

ಒಂಟಿಕೊಪ್ಪಲಿನ ಆ ಅಡ್ಡರಸ್ತೆಯಲ್ಲಿ ಸಂಜೆ ಹೊತ್ತು ಆಲಿಕಲ್ಲು ಸುರಿದಂತೆ ಸದ್ದಾದರೆ ಯಾರೂ ಆಕಾಶ ನೋಡುವುದಿಲ್ಲ. ಚೂಡಾಮಣಿ ಮೇಡಂ ಪಾಠ ಶುರು ಮಾಡಿದರು ಎಂದುಕೊಂಡು ತಮ್ಮ ಪಾಡಿಗೆ ತಾವು ನಡೆಯುತ್ತಾರೆ. ಮನೆಯ ಮುಂಭಾಗದ ಪಡಸಾಲೆಯಲ್ಲಿ ಹಳೆಯ ಟೈಪ್‌ರೈಟರುಗಳು ಸಾಲಾಗಿ ಕುಳಿತಿವೆ. ಬಾಗಿಲ ಮೇಲೆ ‘ಚಾಮುಂಡಾಂಬಾ ಬೆರಳಚ್ಚು ಶಾಲೆ’ ಎಂಬ ತಗಡಿನ ಬೋರ್ಡು. ಅದನ್ನು ಹಾಕಿಸಿದವರು ಅವರ ತಂದೆ ಪುಟ್ಟಣ್ಣ ಮೇಷ್ಟ್ರು. ಅರಮನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ಆಮೇಲೆ ಊರಿಗೆಲ್ಲ ಟೈಪಿಂಗ್ ಕಲಿಸಿದವರು.

ಮೇಡಂಗೆ ಈಗ ಅರವತ್ತರ ಆಸುಪಾಸು. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ನೋಡೋಕೆ ಬಂದ ಗಂಡುಗಳೆಲ್ಲ ಎರಡೇ ಬೆರಳಲ್ಲಿ ಟೈಪ್ ಮಾಡ್ತಿದ್ರು” ಎನ್ನುತ್ತಾರೆ. ಇದು ತಮಾಷೆಯೋ ನಿಜವೋ ಕೇಳಿದವರಿಗೆ ತಿಳಿಯುವುದಿಲ್ಲ.

ಅವರ ಪಾಠದ ರೀತಿಯೇ ಬೇರೆ. ಕಲಿಯುವವರು ಕೀಲಿಗಳನ್ನು ನೋಡಬಾರದು. ಅದಕ್ಕಾಗಿ ಒಂದು ಬಿಳಿ ಬಟ್ಟೆ; ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಕಲಿಯುವವರ ಕುತ್ತಿಗೆಗೆ. ಕೈಗಳೆರಡೂ ಬಟ್ಟೆಯ ಅಡಿಯಲ್ಲಿ. ರಸ್ತೆಯಿಂದ ನೋಡಿದವರಿಗೆ ಪಡಸಾಲೆ ಕ್ಷೌರದಂಗಡಿಯಂತೆ ಕಾಣುತ್ತದೆ. ಒಂದಿಬ್ಬರು “ಕಟಿಂಗಿಗೆ ಎಷ್ಟು ಹೊತ್ತಾಗುತ್ತೆ?” ಎಂದು ಇಣುಕಿ ಕೇಳಿದ್ದೂ ಉಂಟು.

ಬಟ್ಟೆಗಿಂತ ದೊಡ್ಡದು ಅವರ ಒಂದು ಮಾತು. ಎಂಟು ಬೆರಳುಗಳಿಗೂ ನಡುಸಾಲಿನಲ್ಲಿ ಒಂದೊಂದು ಕೀಲಿಯೇ ಮನೆ. “ಬೆರಳು ಮನೆ ಬಿಟ್ಟು ಅಲೀಬಾರದು. ಕೆಲಸಕ್ಕೆ ಅಂತ ಮೇಲಕ್ಕೋ ಕೆಳಕ್ಕೋ ಹೋದರೂ ದೀಪ ಹಚ್ಚೋ ಹೊತ್ತಿಗೆ ವಾಪಸ್ ಬಂದಿರಬೇಕು.” ಈ ಕಾರಣಕ್ಕೇ ಅವರಿಗೆ ಮೌಸ್ ಕಂಡರೆ ಆಗುವುದಿಲ್ಲ. ಅದು ಬಲಗೈಯನ್ನು ಪೂರ್ತಿ ಊರಾಡಲು ಕರೆದುಕೊಂಡು ಹೋಗುವ ಸಾಮಾನು ಎಂದು ಅವರ ದೂರು.

ಇಂಥ ಮನೆಗೆ ಮೌಸ್ ಬಂದದ್ದು ಬೇರೆ ದಾರಿ ಇಲ್ಲದೆ. ಟೈಪ್‌ರೈಟರ್ ಕಲಿಯಲು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಈ ವರ್ಷವಂತೂ ಪಡಸಾಲೆಯಲ್ಲಿ ಆಲಿಕಲ್ಲಿನ ಬದಲು ತುಂತುರು ಹನಿಯ ಸದ್ದು. ಹಿಂಭಾಗದಲ್ಲಿ ಸಂಸಾರ ಮಾಡಿಕೊಂಡಿರುವ ತಮ್ಮ ರವಿಚಂದ್ರನ ಕಣ್ಣು ಪಡಸಾಲೆಯ ಮೇಲೆ ಬಿತ್ತು. ಚುರುಮುರಿ, ಪಾನಿಪುರಿ ಅಂಗಡಿ ಇಡುವವರೊಬ್ಬರು ಬಾಡಿಗೆಗೆ ಕೇಳುತ್ತಿದ್ದರು.

“ಅಕ್ಕಾ, ನೀನು ಕಲಿಸಿದ್ದು ಸಾಕು. ಆರಾಮಾಗಿ ಇರು” ಎಂದು ಅವನು ವಾರಕ್ಕೊಮ್ಮೆ ಹೇಳುತ್ತಿದ್ದ.

ಒಂದು ದಿನ ರೇಗಿಹೋಗಿ ಮೇಡಂ ಮಾತು ಕೊಟ್ಟುಬಿಟ್ಟರು. “ಈ ವಿಜಯದಶಮಿಗೆ ಒಬ್ಬರೇ ಒಬ್ಬರು ಹೊಸಬರು ಬಂದು ಮೊದಲ ಸಾಲು ಟೈಪ್ ಮಾಡ್ಲಿಲ್ಲ ಅಂದ್ರೆ ಪಡಸಾಲೆ ನಿಂದು. ಪಾನಿಪುರಿನಾದ್ರೂ ಮಾರು, ಪಾಯಸಾನಾದ್ರೂ ಮಾರು.”

ವಿಜಯದಶಮಿಯಂದು ಹೊಸಬರಿಗೆ ಪಾಠ ತೊಡಗುವುದು ಪುಟ್ಟಣ್ಣ ಮೇಷ್ಟ್ರ ಕಾಲದ ಪದ್ಧತಿ. ಅದನ್ನು ಉಳಿಸಿಕೊಳ್ಳಲು ಮೇಡಂಗೆ ನೆರವಾದವಳು ರವಿಚಂದ್ರನ ಮಗಳು ಮಾಲವಿಕಾ. ಅವಳು ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಮದುವೆಯಾಗಿ ನಜರ್‌ಬಾದಿನಲ್ಲಿದ್ದಾಳೆ. ಅಪ್ಪನ ಪಾನಿಪುರಿಗಿಂತ ಅತ್ತೆಯ ಶಾಲೆಯ ಮೇಲೆ ಅವಳಿಗೆ ಅಕ್ಕರೆ. ಲ್ಯಾಬಿನಿಂದ ಹೊರಗೆ ಹಾಕಿದ್ದ ಒಂದು ಹಳೆಯ ಕಂಪ್ಯೂಟರನ್ನು ತಂದು, ಅದಕ್ಕೆ ದುಡ್ಡಿಲ್ಲದೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ, ಟೈಪಿಂಗ್ ಕಲಿಸುವ ಒಂದು ಬಣ್ಣದ ಪಾಠವನ್ನೂ ಕೂರಿಸಿ, ಪರದೆಯ ಮೇಲೆ ಚಾಮುಂಡಿ ಬೆಟ್ಟದ ಚಿತ್ರ ಇಟ್ಟುಕೊಟ್ಟಳು. “ಅತ್ತೆ, ಈ ಹಸಿರು ಚಿತ್ರದ ಮೇಲೆ ಒಂದು ಸಲ ಒತ್ತಿ. ಮಿಕ್ಕಿದ್ದೆಲ್ಲ ಅದೇ ಮಾಡಿಕೊಳ್ಳುತ್ತೆ.” ಮೇಡಂ ಕಲಿತದ್ದು ಅಷ್ಟೇ. ಗೇಟಿಗೆ ರಟ್ಟಿನ ಬೋರ್ಡು ಬಿತ್ತು: ಇಲ್ಲಿ ಕಂಪ್ಯೂಟರ್ ಬೆರಳಚ್ಚು ಕಲಿಸಲಾಗುವುದು.

ಬೋರ್ಡು ನೋಡಿ ಬಂದವರು ಒಬ್ಬರೇ. ಆಟೊ ಓಡಿಸುವ ಬಸವರಾಜು. ಮಗಳು ಗಗನ ಡಿಗ್ರಿ ಮುಗಿಸಿದ್ದಾಳೆ. ಕೋರ್ಟಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಪರೀಕ್ಷೆ ಕಟ್ಟಬೇಕು. “ದಶಮಿ ದಿನ ಬೆಳಿಗ್ಗೆ ಕರ್ಕೊಂಡ್ ಬತ್ತೀನಿ ಮೇಡಮ್ನೋರೇ. ಕಂಪ್ಯೂಟ್ರು ಸರ್ಯಾಗೈತೆ ತಾನೆ? ಇಲ್ಲಾಂದ್ರೆ ಸರ್ಕಲ್ ತಾವ ಗಾಜಿನ ಬಾಗ್ಲು ಹಾಕಿ ಕಂಪ್ಯೂಟ್ರು ಸೆಂಟ್ರು ಮಾಡವ್ರಲ್ಲ, ಅಲ್ಲಿಗೆ ಸೇರಿಸ್ಬುಡ್ತೀನಿ” ಎಂದು ಹೇಳಿ ಹೋದ.

ದಶಮಿಯ ಹಿಂದಿನ ದಿನ ಆಯುಧಪೂಜೆ. ಮೇಡಂ ಬೆಳಿಗ್ಗೆಯೇ ಎದ್ದು ಯಂತ್ರಗಳನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ಸೇವಂತಿಗೆ ಹಾರ ಹಾಕಿದರು. ಕಂಪ್ಯೂಟರನ್ನು ಹಚ್ಚಿಯೇ ಪೂಜೆ ಮಾಡಬೇಕು ಎಂದು ಅವರ ತೀರ್ಮಾನ. ಮಂಗಳಾರತಿ ಎತ್ತುವಾಗ ದೇವರು ಕಣ್ಣು ಮುಚ್ಚಿರಬಾರದಲ್ಲ. ಕೀಬೋರ್ಡಿನ ಕೆಳಗಿನ ಎಡಮೂಲೆಗೆ ಧಾರಾಳವಾಗಿ ಗಂಧ ಬಳಿದರು. ಮೇಜಿನಲ್ಲಿ ಜಾಗವಿಲ್ಲದೆ, ತೆಂಗಿನಕಾಯಿ, ರಸಬಾಳೆ, ವೀಳ್ಯದೆಲೆಯ ಹಿತ್ತಾಳೆ ತಟ್ಟೆಯ ಅಂಚನ್ನು ಆ ಮೂಲೆಯ ಮೇಲೆಯೇ ಊರಿದರು. ಆಮೇಲೆ ಮೇಲಿನ ಸಾಲಿನಲ್ಲಿ ಎಫ್ ಒಂದರಿಂದ ಒಂದೊಂದಾಗಿ ಐದು ಕೀಲಿಗೆ ಕುಂಕುಮದ ಬೊಟ್ಟು ಒತ್ತಿದರು. ಕೀಲಿ ಮುಟ್ಟುವಾಗ ಬೇರೆಡೆ ನೋಡುವುದು ಜನ್ಮದ ಅಭ್ಯಾಸ. ಕಣ್ಣು ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆಗಿತ್ತು.

ಮಂಗಳಾರತಿ ಎತ್ತಿ ತಿರುಗಿದರೆ ಬೆಟ್ಟವಿಲ್ಲ. ಪರದೆ ಕಾಡಿಗೆ ಬಳಿದಂತೆ ಕಪ್ಪಗಾಗಿತ್ತು. ಮೇಲ್ಗಡೆ ಎರಡು ಸಾಲು ಬಿಳಿ ಇಂಗ್ಲಿಷು. ಕೊನೆಯಲ್ಲಿ ‘ಲಾಗಿನ್’ ಎಂದು ಬರೆದು, ಅದರ ಮುಂದೆ ಒಂದು ಸಣ್ಣ ಗೆರೆ ಮಿಟುಕುತ್ತಾ ಇತ್ತು. ಆರತಿ ತಟ್ಟೆ ಕೆಳಗಿಟ್ಟು ಮಾಲವಿಕಾಳ ನಂಬರು ಒತ್ತಿದರು.

“ಹೋಯ್ತು ಕಣೆ! ಬೆಟ್ಟ, ಪಾಠ, ಎಲ್ಲಾ ಹೋಯ್ತು!” ಎಂದು ಫೋನಿನಲ್ಲಿ ಕೂಗಿದರು.

ಮಾಲವಿಕಾ ಅಲ್ಲಿ ಗಂಡನ ಮನೆಯ ಕಾರಿಗೆ ಬಾಳೆಕಂದು ಕಟ್ಟಿಸುತ್ತಿದ್ದಳು. ಏನೇನು ಮಾಡಿದಿರಿ ಎಂದು ಸಾವಧಾನವಾಗಿ ಕೇಳಿ, ನಕ್ಕಳು.

“ಅತ್ತೆ, ಏನೂ ಹೋಗಿಲ್ಲ. ಮನೆ ಒಂದೇ, ಕೋಣೆ ಬೇರೆ ಬೇರೆ. ಏಳನೇದು ನಡುಮನೆ. ಬಣ್ಣ, ಚಿತ್ರ, ಮೌಸು ಎಲ್ಲಾ ಅಲ್ಲಿ. ಒಂದರಿಂದ ಆರು ಕತ್ತಲೆ ಕೋಣೆಗಳು. ಅಲ್ಲಿ ಚಿತ್ರ ಇಲ್ಲ, ಬರೀ ಮಾತು. ನೀವು ಟೈಪ್ ಮಾಡಿ ಹೇಳಿದ್ರೆ ಅದು ಕೇಳುತ್ತೆ. ನಿಮ್ಮ ತಟ್ಟೆ ಕಂಟ್ರೋಲು, ಆಲ್ಟು ಎರಡನ್ನೂ ಅದುಮಿ ಕೂತಿದೆ. ಅವೆರಡನ್ನ ಅದುಮ್ಕೊಂಡು ಮೇಲಿನ ಸಾಲಿನ ಕೀಲಿ ಒತ್ತಿದ್ರೆ ಕೋಣೆ ಬದಲಾಗುತ್ತೆ. ನೀವು ಒಂದೊಂದು ಬೊಟ್ಟಿಗೆ ಒಂದೊಂದು ಕೋಣೆ ಹೊಕ್ಕು, ಐದನೇದ್ರಲ್ಲಿ ನಿಂತಿದ್ದೀರಿ.”

“ನಾನು ಕುಂಕುಮ ಇಟ್ಟಿದ್ದು ಕಣೆ, ಮನೆ ಸುತ್ತಿದ್ದಲ್ಲ.”

“ಆಯ್ತು. ಈಗ ಕಂಟ್ರೋಲು, ಆಲ್ಟು, ಎಫ್ ಏಳು ಮೂರನ್ನೂ ಒಟ್ಟಿಗೆ ಒತ್ತಿ. ಬೆಟ್ಟ ಬರುತ್ತೆ.”

ಮೇಡಂ ಕೈ ಮುಂದೆ ಹೋಗಿ ಅಲ್ಲೇ ನಿಂತಿತು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ವಿಸರ್ಜನೆ ಆಗುವವರೆಗೆ ಮುಟ್ಟುವಂತಿಲ್ಲ. ಪುಟ್ಟಣ್ಣ ಮೇಷ್ಟ್ರು ಒಮ್ಮೆ ಆಯುಧಪೂಜೆಯ ದಿನ ಬಂದ ತುರ್ತು ಅರ್ಜಿಯನ್ನು ಟೈಪ್ ಮಾಡಲು ಒಪ್ಪದೆ, ಅಚ್ಚಿನಂಥ ಅಕ್ಷರದಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟಿದ್ದರು.

“ನಾಳೆ ಒತ್ತುತೀನಿ” ಎಂದು ಮೇಡಂ ಫೋನ್ ಇಟ್ಟರು.

ಇಟ್ಟರೇನು, ಮನಸ್ಸು ತಡೆಯಬೇಕಲ್ಲ. ಪುರೋಹಿತ ಮೃತ್ಯುಂಜಯನಿಗೆ ಫೋನ್ ಮಾಡಿದರು. ಅವನೂ ಒಂದು ಕಾಲದಲ್ಲಿ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕಲಿತವನೇ.

“ಬರೀ ಮೂರು ಕೀಲಿ ಕಣಪ್ಪ. ಟೈಪಿಂಗ್ ಅಲ್ಲ, ಸುಮ್ನೆ ಒಂದು ಬಾಗಿಲು ತೆಗೆದ ಹಾಗೆ.”

“ಮೇಡಂ, ಪಾಂಡವರು ಬನ್ನಿಮರದ ಮೇಲೆ ಆಯುಧ ಇಟ್ರಲ್ಲ, ಮಧ್ಯದಲ್ಲಿ ಒಂದು ಸಲ ಇಳಿಸಿ ತರಕಾರಿ ಹೆಚ್ಚಿಕೊಂಡ್ರಾ?”

ಮೇಡಂ ಫೋನ್ ಕುಕ್ಕಿದರು. ರವಿಚಂದ್ರ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಹಂಗಿದ್ರೆ ಪ್ಲಗ್ ಕಿತ್ತುಬಿಡಲಾ ಅಕ್ಕಾ? ಕರೆಂಟಾದ್ರೂ ಉಳಿಯುತ್ತೆ.”

“ಪ್ಲಗ್ಗಿಗೂ ಕುಂಕುಮ ಇಟ್ಟಿದೀನಿ. ಮುಟ್ಟಿದ್ರೆ ನೋಡು.”

ಅವನು ನಗುತ್ತಾ ಹೋದ. ಹಿಂಭಾಗದಿಂದ, ಫೋನಿನಲ್ಲಿ ಯಾರಿಗೋ “ಪಾನಿಗೆ ನಲ್ಲಿ ಕನೆಕ್ಷನ್ ಇದೆ, ಯೋಚನೆ ಮಾಡ್ಬೇಡಿ” ಎನ್ನುವುದು ಕೇಳಿಸಿತು.

ಆ ದಿನವೆಲ್ಲ ಮೇಡಂ ಪಡಸಾಲೆಯಲ್ಲೇ ಕುಳಿತರು. ರಸ್ತೆಯಲ್ಲಿ ಬೂದುಗುಂಬಳ ಒಡೆದು, ಹೂ ಮುಡಿದ ಸ್ಕೂಟರುಗಳು ಹಾರ್ನ್ ಹೊಡೆದುಕೊಂಡು ಹೋದವು. ಟೈಪ್‌ರೈಟರುಗಳು ಹಾರ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳಲು ಬಂದ ಮನೆಮಂದಿಯಂತೆ ಗಂಭೀರವಾಗಿ ಕುಳಿತಿದ್ದವು. ಕಪ್ಪು ಪರದೆಯಲ್ಲಿ ಆ ಗೆರೆ ಮಾತ್ರ ಮಿಟುಕುತ್ತಲೇ ಇತ್ತು. ಮೊದಮೊದಲು ಅದು ಅಣಕಿಸಿದಂತೆ ಕಂಡಿತು. ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ, ಅದು ಬಾಯಿ ತೆರೆದು ಕಾಯುತ್ತಿರುವ ಮಗುವಿನಂತೆ ಕಂಡಿತು. ಮೊದಲ ದಿನ ಬಂದು ಕುಳಿತವರೂ ಹೀಗೆಯೇ. ಏನಾದರೂ ಹೇಳಿಕೊಡಿ ಎಂದು ಕಣ್ಣು ಮಿಟುಕಿಸುತ್ತಾರೆ.

ವಿಜಯದಶಮಿಯ ಬೆಳಿಗ್ಗೆ ಬಸವರಾಜು ಹೇಳಿದ ಹೊತ್ತಿಗೇ ಬಂದ. ಆಟೊಗೆ ಬಾಳೆಕಂದು, ಕನ್ನಡಿಗೆ ಹಾರ. ಹಿಂದೆ ಗಗನ, ಹೊಸ ಚೂಡಿದಾರದಲ್ಲಿ, ಕೈಯಲ್ಲಿ ಹಣ್ಣಿನ ಚೀಲ.

“ಬೇಗ ಆಗ್ಲಿ ತಾಯಿ. ಜಂಬೂ ಸವಾರಿ ಜನ ಈಗ್ಲೇ ಇಳೀತಾವ್ರೆ, ಆಟೊ ಎತ್ತಬೇಕು. ಒಂಬತ್ತಕ್ಕೆ ರಾಹುಕಾಲ ಬೇರೆ ಸುರುವಾಗೋಯ್ತದೆ.”

ಮೇಡಂ ಮಂಗಳಾರತಿ ಎತ್ತಿ, ಕೈಮುಗಿದು, ವಿಸರ್ಜನೆಗೆಂದು ಹಿತ್ತಾಳೆ ತಟ್ಟೆಯನ್ನು ಉತ್ತರಕ್ಕೆ ಕದಲಿಸಿದರು. ಚಟ್ ಎಂಬ ಸದ್ದಾಯಿತು. ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟರು. ಅವನು ಅದನ್ನು ಒಳಗೆ ಇಟ್ಟು ಬಂದು, ಏನಾಗುತ್ತದೋ ನೋಡಲು ಕೈಕಟ್ಟಿ ನಿಂತ. ಮೇಡಂ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಕೀಬೋರ್ಡಿನ ಮುಂದೆ ಕುಳಿತರು.

“ಹೇಳು ಮಾಲು. ಕಂಟ್ರೋಲು ಸಿಕ್ತು.”

“ಅದೇ ಸಾಲಲ್ಲಿ ಆಲ್ಟು.”

ಬೆರಳು ತಡಕಿತು. ಮೇಡಂ ಜೀವಮಾನದ ನಿಯಮ ಮುರಿದು ಕೀಲಿಗಳ ಕಡೆ ಬಗ್ಗಿ ನೋಡಿದರು. “ಆಲ್ಟು ಇಲ್ಲವಲ್ಲೇ! ಹಲ್ಲು ಬಿದ್ದ ಜಾಗದ ಹಾಗೆ ಗುಳಿ ಇದೆ.”

“ಇಲ್ಲ ಅಂದ್ರೆ? ನಿನ್ನೆ ಇತ್ತಲ್ಲ?”

“ನಿನ್ನೆ ಬೆಟ್ಟಾನೂ ಇತ್ತು.”

ಎಲ್ಲರೂ ಹುಡುಕಿದರು. ಗಗನ ಮೇಜಿನ ಕೆಳಗೆ ತೂರಿದಳು. ಬಸವರಾಜು ಹಾರಗಳನ್ನು ಎತ್ತಿ ನೋಡಿದ. ಕೀಲಿ ಇಲ್ಲ. ಬಲಗಡೆಯ ಆಲ್ಟ್ ಒತ್ತೋಣವೆಂದರೆ, ಅದನ್ನು ಕನ್ನಡ ಅಕ್ಷರಗಳಿಗೆಂದು ಮೀಸಲಿಟ್ಟಿದ್ದೇನೆ, ಅದರಿಂದ ಆಗುವುದಿಲ್ಲ ಎಂದಳು ಮಾಲವಿಕಾ.

“ಪರವಾಗಿಲ್ಲ ಅತ್ತೆ. ಟೈಪ್ ಮಾಡಿ ಹೋಗೋ ದಾರಿನೂ ಇದೆ. ಮೊದಲು ಕೋಣೆ ಒಳಗೆ ಹೋಗಿ. ಲಾಗಿನ್ ಅಂತಿದ್ಯಲ್ಲ, ಅಲ್ಲಿ ನಿಮ್ಮ ಹೆಸರು, ಆಮೇಲೆ ನಾನು ಹೇಳಿಕೊಟ್ಟ ಗುಟ್ಟಿನ ಪದ.”

ಟೈಪ್ ಮಾಡುವುದು ಎಂದ ಕೂಡಲೇ ಮೇಡಂ ಬೆನ್ನು ನೆಟ್ಟಗಾಯಿತು. ಬೆರಳುಗಳು ತಮ್ಮ ತಮ್ಮ ಮನೆಯಲ್ಲಿ ಕುಳಿತವು. ಹೆಸರು ಬಂತು. ಗುಟ್ಟಿನ ಪದ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ.

“ಬೀಳ್ತಾನೇ ಇಲ್ವಲ್ಲ” ಎಂದ ಬಸವರಾಜು.

“ಬೀಳ್ತಿದೆ. ಕಾಣೋದಿಲ್ಲ ಅಷ್ಟೇ. ಅದಕ್ಕೂ ಬಟ್ಟೆ ಕಟ್ಟಿದಾರೆ” ಎಂದರು ಮೇಡಂ. ಈ ಯಂತ್ರದ ಮೇಲೆ ಅವರಿಗೆ ಮೊದಲ ಬಾರಿ ಗೌರವ ಹುಟ್ಟಿತು.

ಗೌರವ ಹೆಚ್ಚು ಹೊತ್ತು ಉಳಿಯಲಿಲ್ಲ. ಲಾಗಿನ್ ತಪ್ಪು ಎಂದು ಯಂತ್ರ ಹೇಳಿತು. ಚೂಡಾಮಣಿ ಮೇಡಂ ಅವರ ಟೈಪಿಂಗಿನಲ್ಲಿ ತಪ್ಪು! ರವಿಚಂದ್ರ ಕೆಮ್ಮಿದ.

“ಅತ್ತೆ, ಹೆಸರಿನ ಮೊದಲಕ್ಷರ ದೊಡ್ಡದು ಹೊಡೆದ್ರಾ? ಎಲ್ಲಾ ಸಣ್ಣಕ್ಷರ ಇರ್ಬೇಕು.”

“ನನ್ನ ಹೆಸರನ್ನ ಸಣ್ಣಕ್ಷರದಲ್ಲಿ ಯಾಕೆ ಹೊಡೀಲಿ? ನಾನೇನು ಚಮಚಾನಾ, ಲೋಟಾನಾ?”

“ಯಂತ್ರಕ್ಕೆ ಮರ್ಯಾದೆ ಗೊತ್ತಿಲ್ಲ ಅತ್ತೆ, ನೀವೇ ಅನುಸರಿಸ್ಕೊಳಿ. ಒಂದು ನಿಮಿಷ ಇರಿ, ಇಲ್ಲಿ ಆರತಿಗೆ ಕರೀತಿದಾರೆ.” ಫೋನ್ ಕಟ್ಟಾಯಿತು.

ಮೇಡಂ ಹಲ್ಲು ಕಚ್ಚಿ, ತಮ್ಮ ಹೆಸರನ್ನು ಲೋಟದ ಮಟ್ಟಕ್ಕೆ ಇಳಿಸಿ ಹೊಡೆದರು. ಕೋಣೆ ತೆರೆಯಿತು. ತೆರೆದರೂ ಒಳಗೆ ಅದೇ ಕಪ್ಪು, ಅದೇ ಮಿಟುಕು.

ಬಸವರಾಜು ಆಟೊ ಕಡೆ ನೋಡಿದ. “ಮೇಡಮ್ನೋರೇ, ಬೇಜಾರ್ ಮಾಡ್ಕೋಬೇಡಿ. ಕಂಪ್ಯೂಟ್ರು ಅಂದ್ರೆ ಒಸಿ ಬಣ್ಣ ಗಿಣ್ಣ ಇರ್ಬೇಕಲ್ವಾ? ಇದು ಕೆಟ್ಟೋಗಿರೋ ಟಿವಿ ಇದ್ದಂಗೈತೆ. ವೊತ್ತಾಯ್ತದೆ. ಮುಹೂರ್ತ ಮೀರೋಗದ್ರೊಳಗೆ ಆ ಸರ್ಕಲ್ ತಾವನಾದ್ರೂ...”

ಮಾತು ಮುಗಿಯುವ ಮೊದಲೇ ಮೇಡಂ ಎದ್ದು ಗಗನಳನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆಯ ಒಂದು ತುದಿಯನ್ನು ಪರದೆಗೂ ಇನ್ನೊಂದನ್ನು ಅವಳ ಕುತ್ತಿಗೆಗೂ ಕಟ್ಟಿಬಿಟ್ಟಿದ್ದರು. ಕುತ್ತಿಗೆಗೆ ಗಂಟು ಬಿದ್ದ ಮೇಲೆ ಹುಡುಗಿ ಎಲ್ಲಿಗೆ ಹೋಗುತ್ತಾಳೆ?

“ಮುಹೂರ್ತ ಬೆರಳಿಗೆ, ಬಣ್ಣಕ್ಕಲ್ಲ. ಎಡಗೈ ಎ ಎಸ್ ಡಿ ಎಫ್. ಬಲಗೈ ಕಿರುಬೆರಳಿಂದ ಸೆಮಿಕೋಲನ್, ಎಲ್, ಕೆ, ಜೆ. ಕೆಳಗೆ ನೋಡ್ಬೇಡ. ಹೊಡಿ. ಆಮೇಲೆ ಎಂಟರ್.”

ಗಗನ ಹೊಡೆದಳು. ಯಂತ್ರ ಎಲ್ಲವನ್ನೂ ಆಜ್ಞೆ ಎಂದೇ ತಿಳಿಯುವ ಜಾತಿಯದು. ನಡುವೆ ಬಂದ ಸೆಮಿಕೋಲನ್ನಿನಲ್ಲಿ ಸಾಲನ್ನು ಎರಡಾಗಿ ಮುರಿದುಕೊಂಡು, ಎರಡಕ್ಕೂ ಬೇರೆ ಬೇರೆಯಾಗಿ, ಕಮಾಂಡ್ ನಾಟ್ ಫೌಂಡ್, ಕಮಾಂಡ್ ನಾಟ್ ಫೌಂಡ್ ಎಂದು ಬೈಯಿತು.

ಗಗನ ಬೆಚ್ಚಿದಳು. “ಮೇಡಂ, ಬೈತಾ ಇದೆ!”

“ಬೈಲಿ. ನಮ್ಮಪ್ಪನೂ ಮೊದಲ ಸಾಲಿಗೆ ಎರಡು ಸಲ ಬೈತಿದ್ರು. ಇನ್ನೊಂದು ಸಾಲು.”

ಮತ್ತೆ ಹೊಡೆದಳು. ಮತ್ತೆ ಎರಡು ಬೈಗುಳ. ಮೂರನೆಯ ಸಾಲಿಗೆ ಹುಡುಗಿ ನಗತೊಡಗಿದಳು. ಆಮೇಲೆ ನಿಲ್ಲಿಸಲಿಲ್ಲ. ಹೊಡೆಯುವುದು, ಬೈಸಿಕೊಳ್ಳುವುದು, ನಗುವುದು. ಒಂದು ಸಾಲಿನಲ್ಲಿ ಕೆ ಬದಲು ಐ ಬಿತ್ತು; ಯಂತ್ರ ಬೈಯುವಾಗ ತಪ್ಪಿದ ಆ ಪದವನ್ನೇ ಎತ್ತಿ ಆಡಿದ್ದರಿಂದ ಅವಳಿಗೇ ಅದು ಕಂಡಿತು. ಮೇಡಂ ಬಾಯಿ ತೆರೆಯಬೇಕಾಗಲಿಲ್ಲ. ಕೈ ಮನೆ ಬಿಟ್ಟು ಅಲೆಯಲು ಅಲ್ಲಿ ಮೌಸಿಗೆ ಕೆಲಸವೇ ಇರಲಿಲ್ಲ.

“ಆದ್ರೂ ಬಣ್ಣ...” ಎಂದ ಬಸವರಾಜು. ಮಗಳು ನಗುತ್ತಿದ್ದರೂ ಅವನ ಒಂದು ಕಾಲು ಹೊಸ್ತಿಲ ಆಚೆಗಿತ್ತು.

ಆಗ ಫೋನ್ ಬಂತು. “ಬರ್ಕೊಳಿ ಅತ್ತೆ. ಎಸ್ ಯು ಡಿ ಓ. ಜಾಗ ಬಿಡಿ. ಸಿ ಎಚ್ ವಿ ಟಿ. ಜಾಗ ಬಿಡಿ. ಏಳು. ಏಳನೇ ಕೋಣೆಗೆ ಹೋಗು ಅಂತ. ಗುಟ್ಟಿನ ಪದ ಮತ್ತೆ ಕೇಳುತ್ತೆ.”

“ಕೊನೇಲಿ ಫುಲ್‌ಸ್ಟಾಪು?”

“ಅಯ್ಯೋ, ಬೇಡ!”

ಮೇಡಂ ಗಗನಳ ಹಿಂದೆ ನಿಂತು, ಅವಳ ಭುಜದ ಎರಡೂ ಬದಿಯಿಂದ ಕೈ ಇಳಿಸಿ, ಬಟ್ಟೆಯ ಅಡಿಯಲ್ಲಿ ಹೊಡೆದರು. ಕಣ್ಣು ಬಸವರಾಜುವಿನ ಮುಖದ ಮೇಲಿತ್ತು. ಎಂಟರ್ ಬಿದ್ದದ್ದೇ ತಡ, ಬೆಟ್ಟ ಬಂತು. ಹಸಿರು, ನೀಲಿ ಆಕಾಶ, ಗೋಪುರ, ಕೆಳಗೆ ಸಾಲಾಗಿ ಬಣ್ಣದ ಚಿತ್ರಗಳು.

“ತಾಯೀ ಚಾಮುಂಡೇಸ್ವರಿ!” ಬಸವರಾಜು ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದ. “ಕೀಲಿ ಕಿತ್ತೋಗಿದ್ರೂ ಬಂದ್ಬುಡ್ತಲ್ಲ!”

ಬಣ್ಣ ಬಂದ ಕೂಡಲೇ ಗಗನಳ ಬಲಗೈ ಬಟ್ಟೆಯ ಅಡಿಯಿಂದ ಮೆಲ್ಲಗೆ ಹೊರಟು ಮೌಸ್ ಹಿಡಿಯಿತು. ಹಸಿರು ಚಿತ್ರ ಒತ್ತಿದಳು. ಬಣ್ಣದ ಪಾಠ ತೆರೆದು, ಒಂದು ಕೋಳಿಮರಿ ಬಂದು ಕುಣಿಯಿತು. ಅವಳು ಕೋಳಿಮರಿಯನ್ನು ನೋಡುತ್ತಾ ಕುಳಿತಳು. ಬೆರಳು ಸುಮ್ಮನಾದವು. ಸ್ವಲ್ಪ ಹೊತ್ತಿಗೆ ಹುಡುಗಿಯೇ ತಿರುಗಿದಳು.

“ಮೇಡಂ, ಇದು ಹೊಗಳ್ತಾನೇ ಇರುತ್ತೆ. ಅದೇ ಚೆನ್ನಾಗಿತ್ತು, ಬೈತಿದ್ದದ್ದು. ವಾಪಸ್ ಹೋಗೋಕಾಗುತ್ತಾ?”

ಮಾಲವಿಕಾಳನ್ನು ಕೇಳಿ, ಕೆಳಗಿನ ಸಾಲಿನಲ್ಲಿದ್ದ ಕಪ್ಪು ಚೌಕದ ಚಿತ್ರವನ್ನು ಒತ್ತಿ, ಮೇಡಂ ಅದೇ ಮಾತನ್ನು ಹೊಡೆದರು; ಏಳರ ಜಾಗದಲ್ಲಿ ಐದು. ಬೆಟ್ಟ ಸರಿದು ಕತ್ತಲೆ ಬಂತು. ಗಗನ ಹೊಡೆದ ಸಾಲುಗಳು, ಅವಳ ತಪ್ಪು, ತಿಂದ ಬೈಗುಳ, ಎಲ್ಲ ಬಿಟ್ಟುಹೋದ ಹಾಗೆಯೇ ಕಾದಿದ್ದವು. ಮೇಡಂ ಅವನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದರು. ಹೋಗಿ ಬಂದರೂ ಕೋಣೆ ಕೋಣೆಯಾಗಿಯೇ ಇರುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ.

“ನಾಳೆಯಿಂದ ದಿನಾ ಕಳಿಸ್ತೀನಿ ತಾಯಿ” ಎಂದ ಬಸವರಾಜು. “ಮನೇಲಿ ಯಾರೂ ಬಯ್ಯಂಗಿಲ್ಲ ಇವಳ್ನ, ಬೈದ್ರೆ ಮೂರ್ ದಿನ ಮಾತಾಡಾಕಿಲ್ಲ. ಇಲ್ಲಾದ್ರೂ ಬೈಸ್ಕೊಳ್ಲಿ.”

ತಾಂಬೂಲ ಕೊಡಲು ಮೇಡಂ ಹಿತ್ತಾಳೆ ತಟ್ಟೆ ತರಲು ಹೇಳಿದರು. ರವಿಚಂದ್ರ ಒಳಗೆ ಹೋದವನು ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ, ತಳ ನೋಡುತ್ತಾ ಬಂದ. ಒಣಗಿದ ಗಂಧದಲ್ಲಿ ಆಲ್ಟ್ ಕೀಲಿ ಗಟ್ಟಿಯಾಗಿ ಅಂಟಿಕೊಂಡಿತ್ತು.

“ಅಕ್ಕಾ, ಪ್ರಸಾದ.”

ಎಲ್ಲರೂ ನಕ್ಕರು. ರವಿಚಂದ್ರನೂ ನಕ್ಕ, ಸ್ವಲ್ಪ ತಡವಾಗಿ. ಆಮೇಲೆ ಹಿಂಭಾಗದಲ್ಲಿ ಅವನು ಫೋನಿನಲ್ಲಿ ಹೇಳುವುದು ಕೇಳಿಸಿತು: “ಇಲ್ಲ ಸ್ವಾಮಿ, ಜಾಗ ಖಾಲಿ ಇಲ್ಲ. ಹೂಂ, ಒಬ್ಬರು ಬಂದ್ಬುಟ್ರು.”

ಮಧ್ಯಾಹ್ನ ಬೀದಿಗೆ ಬೀದಿಯೇ ಜಂಬೂ ಸವಾರಿ ನೋಡಲು ಹೊರಟಿತು. ಮೇಡಂ ಪಡಸಾಲೆಯಲ್ಲಿ ಒಬ್ಬರೇ ಉಳಿದರು. ಆಲ್ಟ್ ಕೀಲಿಯನ್ನು ತೊಳೆದು ಅಪ್ಪನ ಫೋಟೋ ಮುಂದೆ ಇಟ್ಟು, ಐದನೇ ಕೋಣೆಯ ಮುಂದೆ ಕುಳಿತರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮ ಹೆಸರನ್ನು ದೊಡ್ಡಕ್ಷರದಿಂದಲೇ, ಮರ್ಯಾದೆಯಿಂದ, ಹೊಡೆದರು. ಎಂಟರ್ ಒತ್ತಿದರು.

ಚೂಡಾಮಣಿ, ನಾಟ್ ಫೌಂಡ್, ಎಂದಿತು ಯಂತ್ರ.

“ಸರಿಯಾಗಿ ಹುಡುಕು” ಎಂದರು ಮೇಡಂ. “ಇಲ್ಲೇ ಕೂತಿದೀನಿ.”